ಮೊದಲು ಆರ್‌ಸಿ ತೋರ್ಸಣ್ಣ!

ಆಷಾಢ ಬಂತು, ಹಳೇ ಕಾರಿನ ವ್ಯಾಪಾರ ತಣ್ಣಗಾಯಿತು, ಕಡಿಮೆ ರೇಟಿಗೆ ಹೊಂಚು ಹಾಕಿದ ಹುಡುಗರ ಉಮೇದು ಏರಿತು. ಎಂಜಿನ್ ಕೆಟ್ಟರೆ ಮದ್ದೂರಿನಲ್ಲಿ ಮೆಕ್ಯಾನಿಕ್ ಸಿಗುತ್ತಾನೆ. ಕಾಗದ ಕೆಟ್ಟಿದ್ದರೆ?

ಬಾನೆಟ್ ಎತ್ತಿದ್ದೇ ತಡ, ಐದು ತಲೆಗಳು ಒಳಕ್ಕೆ ಬಗ್ಗಿದವು.

ಮಂಡ್ಯದ ಅಂಚು, ಹೆದ್ದಾರಿಯ ಸರ್ವಿಸ್ ರಸ್ತೆ ಪಕ್ಕದ ಖಾಲಿ ಸೈಟು. ತಗಡಿನ ಶೀಟಿನ ಕೆಳಗೆ ಕಾರುಗಳ ಸಾಲು. ಗಾಜಿನ ಮೇಲೆ ಬಿಳಿ ಅಕ್ಷರದಲ್ಲಿ ಇಸವಿ, ಪಕ್ಕದಲ್ಲೇ ‘ಸಿಂಗಲ್ ಓನರ್’. ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದ ಹುಡುಗನಿಗೆ ಇಪ್ಪತ್ತೆರಡು ಇದ್ದೀತು. ಜೊತೆಗೆ ಅಪ್ಪ, ಸೋದರಮಾವ, ಇಬ್ಬರು ಗೆಳೆಯರು. ಎದುರಿಗೆ ಬೆಳ್ಳಿ ಬಣ್ಣದ 2012ರ ಆಲ್ಟೊ.

‘ಕಣ್ ಮುಚ್ಕೊಂಡು ತಗಳಿ ಯಜಮಾನ್ರೆ, ಡಾಕ್ಟ್ರು ಓಡ್ಸಿದ್ ಗಾಡಿ’ ಅಂದ ಬ್ರೋಕರ್.

ನಮ್ಮ ಸೀಮೆಯಲ್ಲಿ ಮಾರಾಟಕ್ಕೆ ನಿಂತ ಹಳೇ ಕಾರನ್ನೆಲ್ಲ ಡಾಕ್ಟರೋ ಮೇಷ್ಟ್ರೋ ಓಡಿಸಿರುತ್ತಾರೆ. ಮಿಕ್ಕವರು ಓಡಿಸಿದ ಕಾರುಗಳು ಎಲ್ಲಿ ಹೋದವೋ ಆ ಹೊಳೆ ಆಂಜನೇಯನೇ ಹೇಳಬೇಕು.

ಅಪ್ಪ ಟೈರಿಗೆ ಒದ್ದು ನೋಡಿದರು. ಮಾವ ಎಂಜಿನ್ ರೈಸ್ ಮಾಡಿಸಿ ಸೈಲೆನ್ಸರಿಗೆ ಅಂಗೈ ಒಡ್ಡಿದರು. ಗೆಳೆಯನೊಬ್ಬ ಸ್ಟೀರಿಯೊ ಹಚ್ಚಿದ. ಹುಡುಗ ಎಸಿ ಹಾಕಿ, ಆರಿಸಿ, ಮತ್ತೆ ಹಾಕಿದ. ‘ಆರ್‌ಸಿ ತೋರ್ಸಣ್ಣ’ ಅನ್ನುವ ಮಾತು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ.

ಹೇಮಗಿರಿ, ಮುಡುಕುತೊರೆ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸಿದ ಜನ ನಾವು. ಆ ಪಳಗಿದ ಕಣ್ಣೇ ಕಾರಿನ ಮೇಲೂ ಬೀಳುತ್ತದೆ, ಒಳ್ಳೆಯದೇ. ಆದರೆ ಹೋರಿ ಹಗ್ಗ ಬದಲಾದ ಕ್ಷಣವೇ ನಮ್ಮದಾಗುತ್ತಿತ್ತು. ಹಳೇ ಯಜಮಾನನ ಬ್ಯಾಂಕ್ ಸಾಲ, ಅವನು ಕಟ್ಟದ ದಂಡ, ಮುಗಿದ ವಿಮೆ ಯಾವುದೂ ಹೋರಿಯ ಹಿಂದೆ ಕೊಟ್ಟಿಗೆಗೆ ಬರುತ್ತಿರಲಿಲ್ಲ. ಕಾರಿನ ಹಿಂದೆ ಬರುತ್ತವೆ.

ಆಷಾಢದ ಗಿರಾಕಿ

ಆಷಾಢದಲ್ಲಿ ಶುಭಕಾರ್ಯವಿಲ್ಲ, ಹೊಸ ಗಾಡಿ ಮನೆಗೆ ತರುವಂತಿಲ್ಲ. ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹೋಗುವ ಕಾರುಗಳು ಮಂಡ್ಯ ದಾಟಿ ಸಾಲುಗಟ್ಟುತ್ತವೆಯೇ ಹೊರತು ಮಾರಾಟದ ಸೈಟಿಗೆ ಯಾರೂ ತಿರುಗುವುದಿಲ್ಲ. ಬಾಡಿಗೆ ಕಟ್ಟಬೇಕಾದ ವ್ಯಾಪಾರಿ ಈ ತಿಂಗಳು ಮಾತಿಗೆ ಬಗ್ಗುತ್ತಾನೆ. ಆಯುಧಪೂಜೆ ಹೊತ್ತಿಗೆ ಅದೇ ಮನುಷ್ಯ ಮಾತಿಗೂ ಸಿಗುವುದಿಲ್ಲ. ಹಿರಿಯರ ಮನಸ್ಸಿಗೂ ನೋವಾಗಬಾರದು ಅನ್ನುವವರು ಈಗ ಅಡ್ವಾನ್ಸ್ ಕೊಟ್ಟು, ಶ್ರಾವಣದಲ್ಲಿ ಗಾಡಿ ತಂದು, ಮಾರೇಹಳ್ಳಿ ನರಸಿಂಹಸ್ವಾಮಿಯ ಮುಂದೆ ನಿಂಬೆಹಣ್ಣು ಹತ್ತಿಸುತ್ತಾರೆ.

ಕಾರಿನ ಆಸೆಗೆ ನೆಪವೂ ಹೆಚ್ಚಿದೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರು ಬರುವಂತಿಲ್ಲ ಎಂದಾಯಿತು. ನಮ್ಮೂರ ಗದ್ದೆ ಸೀಳಿಕೊಂಡು ಹೋದ ರಸ್ತೆಯಲ್ಲಿ ನಮ್ಮ ಹುಡುಗರ ಬೈಕಿಗೆ ಜಾಗವಿಲ್ಲ. ನಾಲ್ಕು ಚಕ್ರ ಇದ್ದವರು ಮೇಲೆ, ಎರಡು ಚಕ್ರದವರು ಸರ್ವಿಸ್ ರಸ್ತೆಯಲ್ಲಿ. ಬಿಡದಿಯ ಕಾರ್ಖಾನೆಗೋ ಮೈಸೂರಿನ ಕೆಲಸಕ್ಕೋ ನಿತ್ಯ ಓಡಾಡುವವನ ತಲೆಯಲ್ಲಿ ಕಾರು ಸುಳಿಯದೆ ಇನ್ನೇನು ಸುಳಿದೀತು?

ಚೌಕಾಸಿಗೆ ಇನ್ನೊಂದು ಹಿಡಿಯೂ ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದು ಮೊದಲಿನ ಬೆಲೆಯಲ್ಲೇ ಕೂರುವುದಕ್ಕೆ ನ್ಯಾಯವಿಲ್ಲ. ‘ಹೊಸ ಆಲ್ಟೊ ರೇಟೇ ಇಳಿದೈತಲ್ಲಣ್ಣ’ ಅನ್ನುವ ಒಂದು ಮಾತನ್ನು ಧಾರಾಳವಾಗಿ ಬಳಸಿ.

ಹೆಸರು ಯಾರದ್ದು?

ಕಾಗದದ ಮಾತಿಗೆ ಬರೋಣ, ಇಡೀ ವ್ಯಾಪಾರದ ಜೀವ ಇರುವುದು ಅಲ್ಲೇ.

ಅಗ್ಗದ ಕಾರು ಕೈಯಿಂದ ಕೈಗೆ ದಾಟುವಾಗ ಬ್ರೋಕರ್ ಒಂದು ಉಪಾಯ ಮಾಡಿಕೊಂಡಿರುತ್ತಾನೆ. ಮೊದಲ ಮಾಲೀಕನಿಂದ ಟ್ರಾನ್ಸ್‌ಫರ್‌ಗೆ ಬೇಕಾದ ಫಾರಂ 29, ಫಾರಂ 30ಕ್ಕೆ ಖಾಲಿ ಸಹಿ ಹಾಕಿಸಿ ಇಟ್ಟುಕೊಳ್ಳುವುದು. ಗಾಡಿ ಮಳವಳ್ಳಿಯಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಮದ್ದೂರಿಗೆ, ಮದ್ದೂರಿನಿಂದ ನಿಮ್ಮ ಮನೆಗೆ ಬಂದರೂ ಆರ್‌ಸಿಯಲ್ಲಿ ಮೊದಲಿನವರ ಹೆಸರೇ. ‘ಸಿಂಗಲ್ ಓನರ್’ ಅನ್ನುವುದು ಆಗ ಸುಳ್ಳೂ ಅಲ್ಲ!

‘ಟ್ರಾನ್ಸ್‌ಫರ್ ನಿಧಾನಕ್ಕೆ ಮಾಡ್ಕೊಡ್ತೀನಿ ಬುಡಣ್ಣ, ಈಗ ಓಡ್ಸ್ಕೊಂಡಿರಿ.’ ಹಳೇ ಕಾರಿನ ವ್ಯಾಪಾರದಲ್ಲಿ ಇದಕ್ಕಿಂತ ದುಬಾರಿ ಮಾತಿಲ್ಲ.

ಕಾನೂನು ಹೇಳುವುದು ಸರಳ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಗದಿದ್ದರೆ ಏನು ಎಂಬುದಕ್ಕೆ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್–ವಿಜಯ್ ಕುಮಾರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಆ ವಾಹನ ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಬದಲಾಗಿರಲಿಲ್ಲ. ಅಪಘಾತ ನಡೆದಾಗ ಪರಿಹಾರದ ಹೊಣೆ ಬಿದ್ದದ್ದು ಎಂದೋ ಮಾರಿ ಕೈತೊಳೆದುಕೊಂಡಿದ್ದ, ದಾಖಲೆಯಲ್ಲಿನ ಮಾಲೀಕನ ಮೇಲೆ. ಮಾರುವವರು ಈ ತೀರ್ಪನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಳ್ಳಬೇಕು.

ಹಾಗಾದರೆ ಕೊಂಡವನಿಗೇನು ಕಷ್ಟ ಅಂತೀರಾ? ವಿಮೆಯಲ್ಲಿ ‘ಮಾಲೀಕ–ಚಾಲಕ’ನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಅದು ಸಿಗುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕ ತಾನೇ ಓಡಿಸುತ್ತಿದ್ದಾಗ. ಹೆಸರು ಡಾಕ್ಟರದ್ದು, ಸ್ಟೀರಿಂಗ್ ಹಿಡಿದದ್ದು ನಿಮ್ಮ ಮಗ ಎಂದಾದರೆ ಮನೆಯವರು ಆ ಹಣಕ್ಕೆ ಯಾವ ಬಾಯಲ್ಲಿ ಕೇಳುತ್ತಾರೆ? ಆರ್‌ಸಿ ಬದಲಾದ ಮೇಲೆ ವಿಮೆಯ ಹೆಸರನ್ನೂ ಬದಲಿಸಲೇಬೇಕು. ಅದಕ್ಕೆ ಇರುವ ಗಡುವು 14 ದಿನ. ಹಳೇ ಮಾಲೀಕನ ‘ನೋ ಕ್ಲೇಮ್ ಬೋನಸ್’ ಅವನ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ.

ಇಷ್ಟಕ್ಕೂ ನೋಡುವುದು ಕಷ್ಟವಲ್ಲ. ಎಂಪರಿವಾಹನ್ ಆ್ಯಪ್‌ಗೆ ನಂಬರ್ ಹೊಡೆದರೆ ನೋಂದಣಿ ದಿನಾಂಕ, ಎಷ್ಟನೇ ಮಾಲೀಕ, ವಿಮೆ ಎಂದಿನವರೆಗೆ, ಎಫ್‌ಸಿ ಎಂದಿನವರೆಗೆ ಎಲ್ಲ ಮೊಬೈಲಿನಲ್ಲೇ ಬರುತ್ತದೆ. ಸಾಲ ಇದ್ದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಆಗ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರುವ ತನಕ ಒಂದು ರೂಪಾಯಿಯೂ ಕೊಡಬೇಡಿ. ‘ಸಾಲ ತೀರೈತೆ, ಕಾಗ್ದ ಮನೇಲೈತೆ’ ಎಂದರೆ, ಮನೆಯಿಂದ ತರಲಿ. ನಾವು ಕಾಯೋಣ.

ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ, ಮೀರಿದರೆ ಕ್ಯಾಮೆರಾ ಹಿಡಿಯುತ್ತದೆ. ಹಳೇ ದಂಡಗಳೆಲ್ಲ ಗಾಡಿ ನಂಬರಿನ ಮೇಲೆ ಕೂತಿರುತ್ತವೆ. 2023ರ ಫೆಬ್ರುವರಿಯಲ್ಲೊಮ್ಮೆ, 2025ರ ಆಗಸ್ಟ್–ಸೆಪ್ಟೆಂಬರಿನಲ್ಲೊಮ್ಮೆ ರಾಜ್ಯ ಸರ್ಕಾರ ಅರ್ಧ ದಂಡದ ರಿಯಾಯಿತಿ ಕೊಟ್ಟಾಗ ಕಟ್ಟದೆ ಉಳಿಸಿಕೊಂಡವರೂ ಇದ್ದಾರೆ. ಅಂಥವರ ಕಾರನ್ನು ನೀವು ಪೂರ್ತಿ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿಲ್ಲ, ಬೆಲೆಯಲ್ಲಿ ಮುರಿದುಕೊಳ್ಳಿ.

ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಅಪ್ಪ ತೀರಿಕೊಂಡಿರುತ್ತಾರೆ, ಅವರ ಕಾರು ಹಟ್ಟಿ ಮುಂದೆ ಧೂಳು ಹಿಡಿದಿರುತ್ತದೆ, ಮಗ ‘ಎಷ್ಟಾದ್ರೂ ಕೊಡಿ’ ಅನ್ನುತ್ತಾನೆ. ಬಹುಶಃ ಒಳ್ಳೆಯ ಗಾಡಿಯೇ ಇರುತ್ತದೆ. ಆದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರ ಒಪ್ಪಿಗೆ ಇಲ್ಲದ ಮನೆಯಾದರೆ, ಕಾರು ಎಷ್ಟೇ ಚೆಂದ ಇರಲಿ, ಕಾಫಿ ಕುಡಿದು ಎದ್ದು ಬನ್ನಿ.

■ ವಯಸ್ಸು ಕೇಳದ ವಿಮೆ
*ಬ್ರಿಟನ್ನಿನಲ್ಲಿ ಹದಿನೇಳು–ಹದಿನೆಂಟರ ಹುಡುಗ ಹಳೇ ಕಾರು ಕೊಂಡರೆ ವರ್ಷದ ವಿಮೆಯೇ ಕಾರಿನ ಬೆಲೆಯನ್ನು ಮೀರುವುದುಂಟು. ಚಾಲಕನ ವಯಸ್ಸು ನೋಡಿಯೇ ಅಲ್ಲಿ ಕಂತು ಗೊತ್ತುಮಾಡುತ್ತಾರೆ. ನಮ್ಮಲ್ಲಿ ಕಡ್ಡಾಯ ಥರ್ಡ್ ಪಾರ್ಟಿ ವಿಮೆಗೆ ಎಂಜಿನ್ ಗಾತ್ರವೊಂದೇ ಅಳತೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1000 ಸಿ.ಸಿ. ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416 ರೂಪಾಯಿ (ತೆರಿಗೆ ಬೇರೆ). ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲದ ದಂಡವೇ 2,000 ರೂಪಾಯಿ.*

ಹದಿನೈದರ ಗಡಿ

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕೈಬದಲಾದಾಗ ಅದರ ಬೆಲೆ 47,500 ರೂಪಾಯಿ. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಹೊಗೆ ನಿಯಮ ಬಿಗಿಯಾಗಿ ಅದರ ಮಾರಾಟ ನಿಂತಿತು. ಮಂಡ್ಯದಂಥ ಊರುಗಳಲ್ಲಿ ಇನ್ನೂ ಕೆಲ ಕಾಲ ನಡೆಯಿತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ಹಾಗಾಗಿ ಕೆಎ–11 ನಂಬರಿನ ಕೊನೇ ತಲೆಮಾರಿನ 800ಗಳು ಈಗ ಒಂದೊಂದಾಗಿ ಹದಿನೈದು ವರ್ಷ ತುಂಬುತ್ತಿವೆ. ಅಗ್ಗದ ಕಾರಿನ ಗುಟ್ಟು ಬಹಳ ಸಲ ಇದೇ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿ ಪರೀಕ್ಷೆಗೆ ನಿಲ್ಲಿಸಿ, ಪಾಸಾದರೆ ಐದು ವರ್ಷ ನವೀಕರಣ. 2022ರ ಏಪ್ರಿಲ್ 1ಕ್ಕೆ ಮುಂಚೆ 600 ರೂಪಾಯಿ ಇದ್ದ ಶುಲ್ಕ ಈಗ 5,000. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000. ಮೇಲೆ ಹಸಿರು ತೆರಿಗೆ. ಎಫ್‌ಸಿಗೆ ನಿಲ್ಲಿಸುವ ಮುನ್ನ ತುಕ್ಕು ಕೆರೆದು ಬಣ್ಣ ಹೊಡೆಸಬೇಕು, ಹೆಡ್‌ಲೈಟ್ ಸರಿಯಿರಬೇಕು, ಹೊಗೆ ಹತೋಟಿಯಲ್ಲಿರಬೇಕು. ಹದಿನಾಲ್ಕೂವರೆ ವರ್ಷದ ಕಾರನ್ನು ನಲವತ್ತು ಸಾವಿರಕ್ಕೆ ಕೊಡುತ್ತೇನೆಂದರೆ ಆ ಮನುಷ್ಯ ನಿಮಗೆ ಕಾರು ಮಾರುತ್ತಿಲ್ಲ, ತನ್ನ ಎಫ್‌ಸಿ ಖರ್ಚನ್ನು ದಾಟಿಸುತ್ತಿದ್ದಾನೆ.

ನನ್ನನ್ನು ಕೇಳಿದರೆ ಎಂಟರಿಂದ ಹತ್ತು ವರ್ಷದ ಆಲ್ಟೊ, ವ್ಯಾಗನ್‌ಆರ್ ಸಾಕು. ಕ್ಲಚ್ ಪ್ಲೇಟ್, ಬ್ರೇಕ್ ಶೂ ಎಲ್ಲ ಮಳವಳ್ಳಿಯ ಸ್ಪೇರ್ಸ್ ಅಂಗಡಿಯಲ್ಲೇ ಸಿಗುತ್ತವೆ, ಈ ಗಾಡಿಗಳಿಗೆ ಕೈ ಹಾಕದ ಮೆಕ್ಯಾನಿಕ್ ಇಲ್ಲ. ಅಷ್ಟೇ ದುಡ್ಡಿಗೆ ದೊಡ್ಡ ಹೆಸರಿನ ವಿದೇಶಿ ಸೆಡಾನ್ ಬಂದೀತು, ಫೋಟೊಗೆ ಲಾಯಕ್ಕು. ಅದರ ಒಂದು ಸೆನ್ಸರ್ ಹೋದರೆ ಮೈಸೂರಿಗೆ ಎಳೆದುಕೊಂಡು ಹೋಗಬೇಕು.

ಬೆಂಗಳೂರಿನಿಂದ ಇಳಿದು ಬಂದವು

ಸೈಟಿನಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟ್ ಓದುತ್ತಾ ಹೋಗಿ. ಕೆಎ–05 ಜಯನಗರ, ಕೆಎ–51 ಎಲೆಕ್ಟ್ರಾನಿಕ್ ಸಿಟಿ, ಕೆಎ–53 ಕೆ.ಆರ್. ಪುರ. ರಾಜಧಾನಿಯಲ್ಲಿ ಹಳತಾದದ್ದು ಇಲ್ಲಿಗೆ ಇಳಿಯುತ್ತದೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಪ್ರತಿಯೊಂದಕ್ಕೂ ಪೂರ್ವಾಶ್ರಮ ಇರುತ್ತದೆ.

ಕೆಲವು ಹಳದಿ ಬೋರ್ಡಿನಲ್ಲಿ ದುಡಿದು ಬಿಳಿ ಬೋರ್ಡಿಗೆ ಬಂದಿರುತ್ತವೆ. ಕೆಲವು ದಿಲ್ಲಿಯಿಂದ ಬಂದಿರುತ್ತವೆ: ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಹೇರಿದ್ದರಿಂದ ಅಗ್ಗಕ್ಕೆ ಸಿಗುತ್ತವೆ. ಇಲ್ಲಿ ಎನ್‌ಒಸಿ ತಂದು, ಜೀವಿತಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಮಾಡಿಸುವಷ್ಟರಲ್ಲಿ ಆ ಅಗ್ಗ ಕರಗಿರುತ್ತದೆ. ಓಮ್ನಿ ಕೊಳ್ಳುವವರು ಗ್ಯಾಸ್ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ ನೋಡಬೇಕು.

ಎಲ್ಲಕ್ಕಿಂತ ಹೆದರಬೇಕಾದ್ದು ನೀರು ಕುಡಿದ ಕಾರಿಗೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ವಾಹನಗಳು ಮುಳುಗಿದ್ದವು. ಮುಂದಿನ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲಿ ಬೇಸ್‌ಮೆಂಟಿನ ಕಾರುಗಳು ತೇಲಿದವು. ಒರೆಸಿ, ಒಣಗಿಸಿ, ಸೆಂಟ್ ಹೊಡೆದ ಮೇಲೆ ನೀರು ಹೊಕ್ಕ ಕಾರು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಆರು ತಿಂಗಳಿಗೆ ವೈರಿಂಗ್ ಹಸಿರುಗಟ್ಟಿ, ಒಂದು ರಾತ್ರಿ ಹಲಗೂರು ದಾಟಿದ ಮೇಲೆ ಲೈಟೆಲ್ಲ ಆರಿ ನಿಲ್ಲುತ್ತದೆ.

ಹಿಡಿಯುವ ದಾರಿ ಇದೆ. ಸೀಟ್ ಬೆಲ್ಟನ್ನು ತುದಿಯವರೆಗೂ ಪೂರ್ತಿ ಎಳೆಯಿರಿ. ಸುರುಳಿಯ ಒಳಗೇ ಇರುವ ಕೊನೆಯ ಒಂದಡಿಯನ್ನು ಯಾರೂ ತೊಳೆದಿರುವುದಿಲ್ಲ. ನೀರು ಬಂದಿದ್ದರೆ ಅಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಮೂಸಿದರೆ ಮುಗ್ಗಲು ವಾಸನೆ. ಸೀಟಿನಡಿಯ ರೈಲಿಗೆ ಬೆರಳಾಡಿಸಿ, ತುಕ್ಕಿನ ಪುಡಿ ಅಂಟುತ್ತದೆಯೇ ನೋಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಮಣ್ಣು ಕೂತಿದೆಯೇ ನೋಡಿ. ಇಷ್ಟಕ್ಕೆ ಮೆಕ್ಯಾನಿಕ್ ಬೇಕಿಲ್ಲ, ನಾಚಿಕೆ ಬಿಟ್ಟರೆ ಸಾಕು.

■ ಗಾಜು, ರಬ್ಬರು, ಎಣ್ಣೆ
*ಗಾಜು: ಪ್ರತಿ ಗಾಜಿನ ಮೂಲೆಯಲ್ಲೂ ತಯಾರಾದ ಕಾಲದ ಗುರುತು ಇರುತ್ತದೆ. ಐದು ಒಂದೇ ಥರ, ಒಂದು ಮಾತ್ರ ಬೇರೆ ಎಂದರೆ ಆ ಬದಿ ಪೆಟ್ಟು ತಿಂದಿದೆಯೇ ಎಂದು ಕೇಳಿ.*
*ಪೆಡಲ್: ಮೀಟರ್ 45,000 ಕಿ.ಮೀ. ತೋರಿಸುತ್ತಿದೆ, ಕ್ಲಚ್ ಪೆಡಲಿನ ರಬ್ಬರು ಮಾತ್ರ ಸವೆದು ನುಣ್ಣಗಾಗಿದೆ ಎಂದರೆ ಮೀಟರ್ ತಿರುಗಿಸಿರುವ ಸಂಶಯ ಪಡಿ.*
*ಟೈರ್: ಅಂಚಿನಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು.*
*ಎಣ್ಣೆ: ಆಯಿಲ್ ಕ್ಯಾಪ್ ಬಿಚ್ಚಿದಾಗ ಒಳಗೆ ಬಿಳಿ ನೊರೆ ಮೆತ್ತಿದ್ದರೆ ನೀರು ಬೆರೆತಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ.*
*ಸ್ಟಾರ್ಟ್: ಬರುವ ಮುಂಚೆ ಗಾಡಿ ಬಿಸಿ ಮಾಡಿಡಬೇಡಿ ಎನ್ನಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎನ್ನುವುದೇ ಅದರ ನಿಜ.*

ನಾಲೆ ಏರಿಯ ಮೇಲೆ

ಅಗ್ಗದ ಕಾರಿನಲ್ಲಿ ಬೆಲೆಯ ಜೊತೆಗೆ ರಕ್ಷಣೆಯೂ ಕಡಿಮೆ ಇರುತ್ತದೆ; ಬ್ರೋಕರ್ ಹೇಳದ ಮಾತು ಇದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಆಲ್ಟೊ 800, ನ್ಯಾನೊ, ಐ10 ಎಲ್ಲಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಲ್ಲಿ. ಒಂದಿಪ್ಪತ್ತು ಸಾವಿರ ಹೆಚ್ಚಾದರೂ ಏರ್‌ಬ್ಯಾಗ್ ಇರುವ, ಆಮೇಲಿನ ಗಾಡಿ ಸಿಕ್ಕರೆ ಅಲಾಯ್ ವೀಲ್, ಸನ್‌ಫಿಲ್ಮ್ ಆಸೆ ಬಿಟ್ಟು ಅದನ್ನೇ ತಗೊಳ್ಳಿ.

ನಮ್ಮ ಜಿಲ್ಲೆಯ ರಸ್ತೆಗಳ ಗುಣ ಬೇರೆ. ಎಕ್ಸ್‌ಪ್ರೆಸ್‌ವೇಯಿಂದ ಇಳಿದ ಕೂಡಲೇ ವಿಶ್ವೇಶ್ವರಯ್ಯ ನಾಲೆ, ಅದರ ಏರಿಯ ಮೇಲೆ ಕಿರಿದಾದ ದಾರಿ, ಹಲವೆಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿಯಲ್ಲಿ ಬಸ್ ನಾಲೆಗೆ ಉರುಳಿ 30 ಜನ ಸತ್ತದ್ದನ್ನು ಯಾರೂ ಮರೆತಿಲ್ಲ. 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಕಾರೊಂದು ಬಿದ್ದು ಐವರು ಹೋದರು. ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಹಿಂಬದಿ ದೀಪವಿಲ್ಲದ ಎತ್ತಿನಗಾಡಿ, ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರು ಕೊಪ್ಪ, ಕೆ.ಎಂ. ದೊಡ್ಡಿ ಕಡೆ ಸಾಲು ಹಿಡಿದಿರುತ್ತವೆ. ಮಂಕಾದ ಹಳೇ ಹೆಡ್‌ಲೈಟಿನ ಗಾಜನ್ನು ಉಜ್ಜಿಸುವುದು, ಬಲ್ಬ್ ಬದಲಿಸುವುದು, ನಾಲ್ಕೂ ಟೈರ್ ಒಳ್ಳೆಯದು ಹಾಕಿಸುವುದು ಮ್ಯೂಸಿಕ್ ಸಿಸ್ಟಮ್‌ಗಿಂತ ಮುಂಚಿನ ಕೆಲಸ. ನಾಲೆಗೆ ನೀರು ಬಿಟ್ಟ ತಿಂಗಳಲ್ಲಿ ಹೊಸ ಚಾಲಕರು ರಾತ್ರಿ ಹೊತ್ತು ಏರಿ ದಾರಿ ಬಿಟ್ಟು ಎರಡು ಮೈಲಿ ಸುತ್ತಿಕೊಂಡೇ ಬರಲಿ.

ಟ್ರ್ಯಾಕ್ಟರ್ ಹೊಡೆದು ಕಲಿತ ಹುಡುಗರಿಗೆ ‘ಕಾರೇನು ಮಹಾ’ ಅನ್ನಿಸುವುದು ಸಹಜ. ಹದಿನೆಂಟು ತುಂಬದವನ ಕೈಗೆ ಕೊಟ್ಟರೆ ಮಾತ್ರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಡಿಎಲ್ ಇಲ್ಲ.

ಕಿಸೆಯಲ್ಲಿ ಉಳಿಯಬೇಕಾದ್ದು

ಎರಡು ಲಕ್ಷ ಇದೆ ಅಂದರೆ ಎರಡು ಲಕ್ಷದ ಕಾರು ನೋಡಬೇಡಿ. ಒಂದೂವರೆ ಲಕ್ಷದ್ದು ನೋಡಿ. ಉಳಿದದ್ದರಲ್ಲಿ ವಿಮೆ, ಟ್ರಾನ್ಸ್‌ಫರ್ ಖರ್ಚು, ಬ್ಯಾಟರಿ, ಟೈರು, ಎಂಜಿನ್ ಆಯಿಲ್ ಆಗಬೇಕು. ಟೈಮಿಂಗ್ ಬೆಲ್ಟ್ ಇರುವ ಗಾಡಿಯಾದರೆ ಅದನ್ನು ಯಾವಾಗ ಬದಲಿಸಿದ್ದು ಎಂಬುದಕ್ಕೆ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲವೆಂದೇ ತಿಳಿದು ಮೊದಲ ವಾರವೇ ಹಾಕಿಸಿ. ಅದು ಓಡುವಾಗ ಕಿತ್ತರೆ ಎಂಜಿನ್ನೇ ಬಿಚ್ಚುವ ಪ್ರಸಂಗ ಬರಬಹುದು. ಪೂರ್ತಿ ಹಣವನ್ನು ಟ್ರಾನ್ಸ್‌ಫರ್ ಅರ್ಜಿ ಹಾಕುವ ದಿನವೇ ಕೊಡಿ, ಅದೂ ಬ್ಯಾಂಕ್ ಮೂಲಕ.

ಇನ್ನೊಂದು ಖರ್ಚಿದೆ, ಅದನ್ನು ಮಂಡ್ಯದವರು ಬೈಯುವ ಹಾಗೂ ಇಲ್ಲ. ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಮೈಲೇಜೂ ತುಸು ಇಳಿಯುತ್ತದೆ. ಆ ಎಥೆನಾಲ್ ಬರುವ ಬೆಳೆಗಳಲ್ಲಿ ಕಬ್ಬೂ ಒಂದು. ಕಬ್ಬಿನ ಬಾಕಿ ಕೈಗೆ ಬಂದಾಗ ಅಪ್ಪ ಕಾರು ಕೊಡಿಸಿದರೆ, ಅದರ ಪೆಟ್ರೋಲ್ ಪೈಪನ್ನು ಒಳಗಿನಿಂದ ತಿನ್ನುವುದೂ ಕಬ್ಬೇ. ಪೈಪು, ಕ್ಲಿಪ್ಪು, ಕೂಲಿ ಸೇರಿದರೂ ದೊಡ್ಡ ದುಡ್ಡಲ್ಲ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದ ದಿನವೇ ಮದ್ದೂರಿನಲ್ಲಿ ನಿಲ್ಲಿಸಿ ಹಾಕಿಸಿಬಿಡಿ. ರಿಪೇರಿ ಮುಗಿಯುವಷ್ಟರಲ್ಲಿ ಬಿಸಿ ವಡೆ ಒಂದು ಸುತ್ತು ಆಗಿರುತ್ತದೆ.